ಕಾಲೋನಿಯ ಪಾರ್ಕಿನಲ್ಲಿ ಅವ್ವ ನಡೆದದ್ದು

ಮೊನ್ನೆ ಕಮಲಾಪುರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ಪಕ್ಕದ ಮನೆಯ ಕಾಕು ನೆನಪಾದರು... ಕಮಲಾಪುರ ಅವರ ತವರು. ಕಲಬುರಗಿಯ ಗಾಜಿಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ತವರಿನಿಂದ ಹಣ್ಣು ತಂದರೆ ಮೊದಲ ಚಿಪ್ಪು ನಮಗೆ. ಅವ್ವ ಅವರನ್ನು ಸ್ವಂತ ಅತ್ತಿಗೆಯಂತೆ ವೈನಿ ಎನ್ನುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಅವರು ಜೇವರ್ಗಿ ಕಾಲೋನಿಯಲ್ಲಿ ಮನೆ ಕಟ್ಟಿಸಿಕೊಂಡು ಹೋದರು. ಮುಂದೆ ಸ್ವಲ್ಪ ದಿನಕ್ಕೆ ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದಿನಾ ನಡೆಯಬೇಕು ಎಂದರು ಡಾಕ್ಟರು.

ನಡೆಯುವುದೆಲ್ಲಿ? ನಮ್ಮ ಓಣಿಯಲ್ಲಿ ಎರಡು ಸೈಕಲ್ ಎದುರಾದರೆ ಒಂದು ಗಟಾರದ ಅಂಚಿಗೆ ಸರಿಯಬೇಕಿತ್ತು. ಕಟ್ಟೆಗಳ ಮೇಲೆ ಗಂಡಸರು ಕೂತಿರುತ್ತಿದ್ದರು. ಕೆಲಸವಿಲ್ಲದೆ ಹೆಂಗಸು ಸುಮ್ಮನೆ ನಡೆಯುವ ರೂಢಿ ನಮ್ಮಲ್ಲಿರಲಿಲ್ಲ. ಅದಕ್ಕೆ ಅವ್ವ ಖಾಲಿ ಚೀಲ ಹಿಡಿದು, ನೆಹರು ಗಂಜ್ ಮಾರುಕಟ್ಟೆಗೆ ಹೊರಟವಳಂತೆ ಹೋಗುತ್ತಿದ್ದಳು.

"ಏನಬೇ ಅಕ್ಕಾ, ಇವತ್ತೂ ಗಂಜಿನಾಗ ಏನೂ ಸಿಗಲಿಲ್ಲೇನು?" ಎಂದು ಕಟ್ಟೆಯವರು ನಗತೊಡಗಿದ ಮೇಲೆ ಅದನ್ನೂ ಬಿಟ್ಟಳು.

ಸುದ್ದಿ ತಿಳಿದ ಕಾಕು ಬಂದರು. "ನಮ್ಮ ಕಾಲೋನ್ಯಾಗ ಪಾರ್ಕ್ ಅದ. ಅಲ್ಲಿ ಯಾರೂ ಯಾರನ್ನೂ ಕೇಳೂದಿಲ್ಲ. ಮುಂಜಾನಿ ಬಾ, ಕೈ ಬೀಸಿ ನಡಿ."

ಮೊದಲ ದಿನ ನಾನೂ ಜೊತೆಗೆ ಹೋದೆ. ಅವ್ವನ ಕೈಯಲ್ಲಿ ಚೀಲ ಇದ್ದೇ ಇತ್ತು. ಕಾಕು ಅದನ್ನು ಕಸಿದುಕೊಂಡು, "ಇಲ್ಲೇನು ಬದನಿಕಾಯಿ ಬೆಳದಾವೇನ ಹುಚ್ಚಿ?" ಎಂದರು. ಇಬ್ಬರೂ ನಕ್ಕರು. ಗಿಡಗಳ ನೆರಳಲ್ಲಿ, ಅಗಲ ದಾರಿಯಲ್ಲಿ, ಅವ್ವ ಎರಡೂ ಕೈ ಬೀಸಿ ನಡೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಕೆಲವು ತಿಂಗಳಲ್ಲಿ ಡಾಕ್ಟರು ಗುಳಿಗೆ ಕಡಿಮೆ ಮಾಡಿದರು.

ನಾನೂ ಜೊತೆಗಿದ್ದ ಒಂದು ಮುಂಜಾನೆ ಕಾಲೋನಿಯ ಹಿರಿಯರೊಬ್ಬರು ದಾರಿಗೆ ಅಡ್ಡ ನಿಂತು ಕಾಕುವನ್ನು ಕೇಳಿದರು, "ಇವರು ಯಾರ ಮನಿಯವರ್ರೀ? ಹೊರಗಿನ ಮಂದಿ ಭಾಳ ಬರಾಕತ್ತಾರ."

"ನಮ್ಮ ಮನಿ ಕೆಲಸದಾಕಿ ರೀ," ಎಂದರು ಕಾಕು. "ನನ್ನ ಸಂಗಡ ಬಂದಾಳ."

ಹಿರಿಯರು ತಲೆಯಾಡಿಸಿ ಮುಂದೆ ಹೋದರು. ಅವ್ವ ನಿಂತುಬಿಟ್ಟಳು.

"ಸುಮ್ನ ಅಂದೆ," ಎಂದು ಕಾಕು ದನಿ ತಗ್ಗಿಸಿದರು. "ಇಲ್ಲಂದ್ರ ನಿನ್ನ ಒಳಗ ಬಿಡೂದಿಲ್ಲ ನೋಡು."

ಇರಬಹುದು... ಅವ್ವ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಗೇಟಿನತ್ತ ನಡೆದಳು. ಮತ್ತೆ ಆ ಪಾರ್ಕಿಗೆ ಹೋಗಲಿಲ್ಲ. ಓಣಿಯಲ್ಲೂ ನಡೆಯಲಿಲ್ಲ.

ಕೆಲವು ವರ್ಷಗಳ ನಂತರ ಅವ್ವನ ಕಾಲಿಗೆ ಗಾಯವಾಯಿತು. ಮಾಯಲಿಲ್ಲ, ಬೆರಳು ತೆಗೆದರು. ಕಾಕು ನೋಡಲು ಬಂದರು. ಗೋಡೆಗೆ ಒರಗಿ ಕೂತಿದ್ದ ಅವ್ವ ಮುಖವೆತ್ತಿ, ಕೆಲಸದವರು ಮನೆಯೊಡತಿಯನ್ನು ಕರೆಯುವಂತೆ, "ಬರ್ರಿ ಬಾಯಿಯವರ," ಎಂದಳು. "ಈ ಕಾಲಿಲೆ ಇನ್ನ ನಿಮ್ಮ ಮನಿ ಕೆಲಸಕ್ಕ ಬರಾಕ ಆಗಂಗಿಲ್ರಿ."

ಕಾಕು ಹೊಸ್ತಿಲಲ್ಲೇ ನಿಂತಿದ್ದರು. ಆಮೇಲೆ ಯಾವಾಗ ಹೋದರೋ ನಾನು ನೋಡಲಿಲ್ಲ.

ಈಗ ಅವ್ವ ಇಲ್ಲ. ಕಾಕುವೂ ತೀರಿಕೊಂಡರೆಂದು ಕೇಳಿದ್ದೇನೆ. ಅಂದು ಪಾರ್ಕಿನಲ್ಲಿ ಅವರು ಒಂದು ಗಳಿಗೆ ತಡವರಿಸಿ ಆ ಮಾತು ಹೇಳಿದ್ದರೆ, ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ. ಅವರು ತಡವರಿಸಲಿಲ್ಲ.