ಕಾಣೆಯಾದ ಕಪ್ಪು ಗೆರೆ

ಕೊಡ್ಲಿಯ ಬಸವೇಶ್ವರಿ ಸೇಡಂನ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿ ಹದಿನಾಲ್ಕು ವರ್ಷ. ಕಾಲೇಜಿಗೆ ದೂರದರ್ಶಕವಿರಲಿಲ್ಲ, ಸಿಮೆಂಟು ಧೂಳಿನ ಆ ಆಕಾಶದಲ್ಲಿ ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೇ. ಆದರೆ ಜಗತ್ತಿನ ದೊಡ್ಡ ದೂರದರ್ಶಕಗಳ ದಾಖಲೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆಂದು ಗೊತ್ತಾದ ಮೇಲೆ ಆಕೆ ಸುಮ್ಮನೆ ಕೂರಲಿಲ್ಲ. ಪಾಠ ಮುಗಿಸಿ ಪ್ರಯೋಗಾಲಯದ ಕಂಪ್ಯೂಟರಿನ ಮುಂದೆ ಕೂತರೆ, ಜವಾನ ಚೌಡೇಶ ಬೀಗದ ಕೈ ಅಲ್ಲಾಡಿಸುವ ತನಕ ಏಳುತ್ತಿರಲಿಲ್ಲ.

ಆಕೆ ನೋಡುತ್ತಿದ್ದುದು ದೂರದ ಗ್ಯಾಲಕ್ಸಿಗಳ ನಡುಮಧ್ಯವನ್ನು. ಅಲ್ಲಿನ ದೈತ್ಯ ಕಪ್ಪುಕುಳಿ ಸುತ್ತಲಿನ ಅನಿಲವನ್ನು ಸೆಳೆದುಕೊಳ್ಳುತ್ತದೆ. ಹಾಗೆ ಸೆಳೆಯುವಾಗಲೇ ಒಂದಿಷ್ಟು ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಚಿಮ್ಮುತ್ತದೆ. ಅದನ್ನು ಹಾದು ಬರುವ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ಆ ಅನಿಲ ನುಂಗಿಬಿಡುತ್ತದೆ. ಆ ಬೆಳಕನ್ನು ಬಣ್ಣಗಳ ಪಟ್ಟಿಯಾಗಿ ಬಿಡಿಸಿದರೆ, ನುಂಗಿದ ಜಾಗದಲ್ಲಿ ಕಪ್ಪು ಗೆರೆ ಮೂಡುತ್ತದೆ. ಗೆರೆ ನೀಲಿಯತ್ತ ಎಷ್ಟು ಸರಿದಿದೆಯೋ, ಅನಿಲ ನಮ್ಮ ಕಡೆ ಅಷ್ಟು ರಭಸದಿಂದ ಬರುತ್ತಿದೆ ಎಂದರ್ಥ.

ಹೋದ ವರ್ಷ ಆಕೆ ಒಂದೇ ಗ್ಯಾಲಕ್ಸಿಯ ಎರಡು ದಾಖಲೆಗಳನ್ನು ಹೋಲಿಸಿದಳು. ಹದಿನೈದು ವರ್ಷ ಹಿಂದಿನದರಲ್ಲಿ ಇಂಗಾಲದ ಅಗಲ ಗೆರೆ ಢಾಳಾಗಿತ್ತು. ಹೊಸದರಲ್ಲಿ ಅದು ಇರಲೇ ಇಲ್ಲ.

ಖಗೋಳ ವಿಜ್ಞಾನಿಗಳ ಆನ್‌ಲೈನ್ ಸಭೆಯಲ್ಲಿ ಇದನ್ನು ತೋರಿಸಿದಾಗ ಹಿರಿಯ ವಿಜ್ಞಾನಿ ರಮೇಶಕುಮಾರ್, "ಯಂತ್ರದ ದೋಷ ಇರಬೇಕು, ಮೇಡಂ" ಎಂದು ಮಾತು ಮುಗಿಸಿದರು. ಪ್ರಯೋಗಾಲಯದಲ್ಲಿ ಆಕೆಯ ಪಕ್ಕ ಕೂತಿದ್ದ ರಸಾಯನಶಾಸ್ತ್ರದ ಕಾಶೀನಾಥರಿಗೂ ಹಾಗೇ ಅನ್ನಿಸಿತು.

"ಬಿಡ್ರಿ ಮೇಡಂ, ಅಷ್ಟು ದೊಡ್ಡವರು ಹೇಳ್ಯಾರ."

"ದೊಡ್ಡವರು ಹೇಳಿದ್ರ ಗೆರಿ ತಿರುಗಿ ಬರ್ತದೇನ್ರಿ ಸರ? ಯಂತ್ರ ಕೆಟ್ಟಿದ್ರ ಎಲ್ಲಾನೂ ಕೆಡಬೇಕಿತ್ತು. ನೋಡ್ರಿ, ದಾರ್ಯಾಗಿನ ಬ್ಯಾರೆ ಅನಿಲದ ಗೆರಿ ಎಲ್ಲಾ ಇದ್ದಲ್ಲೇ ಅವ."

ಚಿಮ್ಮುವ ಅನಿಲದಲ್ಲಿ ಇಂಗಾಲದ ಜೊತೆ ಸಿಲಿಕಾನ್ ಕೂಡ ಇರುತ್ತದೆ. ಆ ಅನಿಲ ನಿಜಕ್ಕೂ ಬೆಳಕಿನ ದಾರಿಯಿಂದ ಸರಿದಿದ್ದರೆ ಸಿಲಿಕಾನ್ ಗೆರೆಯೂ ಹೋಗಿರಬೇಕು. ಹುಡುಕಿದಳು, ಹೋಗಿತ್ತು. ಹಳೆಯ, ಹೊಸ ದಾಖಲೆಗಳೆರಡರ ಚಿತ್ರಗಳನ್ನೂ ಲಗತ್ತಿಸಿ ರಮೇಶಕುಮಾರರಿಗೆ ನಾಲ್ಕೇ ಸಾಲು ಬರೆದಳು.

ಮೂರನೇ ದಿನ ಅವರೇ ಫೋನು ಮಾಡಿದರು. "ಅವಸರಪಟ್ಟು ಮಾತಾಡಿದೆ, ಮೇಡಂ. ನಾವಿದನ್ನು ಮತ್ತೊಮ್ಮೆ ದೂರದರ್ಶಕದಲ್ಲಿ ನೋಡೋಣ." ಚಳಿಗಾಲದಲ್ಲಿ ನೋಡಿದರು. ಆಗಲೂ ಗೆರೆ ಇರಲಿಲ್ಲ. ಇದರ ಬಗ್ಗೆ ಅಚ್ಚಾದ ಪ್ರಬಂಧದಲ್ಲಿ ಮೊದಲ ಹೆಸರು ಬಸವೇಶ್ವರಿಯದು, ಅದರ ಕೆಳಗೆ ಸೇಡಂ ಎಂದು ಊರಿನ ಹೆಸರು.

ಅದನ್ನು ಕೈಯಲ್ಲಿ ಹಿಡಿದು ತಾಯಿ ಶಿವಕಾಂತಮ್ಮ ಕೇಳಿದರು: "ಆ ಗೆರಿ ಎಲ್ಲಿ ಹೋತವ್ವಾ?"

"ಅಡ್ಡ ಇದ್ದ ಮೋಡ ಬಾಜೂಕ ಸರದದವ್ವಾ. ಹಿಂದಿನ ಬೆಳಕ ಈಗ ಪೂರಾ ಕಾಣ್ಲಿಕತ್ತದ."

"ಇಷ್ಟು ಮಂದಿ ಇದ್ರು, ಅದು ನಿನಗೇ ಕಾಣ್ತೇನು?"

"ನಾ ನೋಡ್ಲಿಕತ್ತಿದ್ದೆ, ಅದಕ ಕಾಣ್ತು."

ಈ ವರ್ಷ ಅಂತಿಮ ಬಿಎಸ್ಸಿಯ ಐವರು ವಿದ್ಯಾರ್ಥಿನಿಯರಿಗೆ ಹಳೆಯ, ಹೊಸ ದಾಖಲೆ ಹೋಲಿಸಿ ನೋಡಲು ಆಕೆ ತಲಾ ಎಂಟು ಗ್ಯಾಲಕ್ಸಿ ಹಂಚಿಕೊಟ್ಟಿದ್ದಾಳೆ.