ನಡುಮನೆಯ ಹಾಜರಿ ಪುಸ್ತಕ

ಸಿಟ್ಟು ನನಗೆ ತವರಿನಿಂದ ಬಂದ ಬಳುವಳಿ. ಬಂಗಾರ ಹಾಕುವಾಗ ಕೈ ಬಿಗಿ ಹಿಡಿದರು, ಇದನ್ನು ಮಾತ್ರ ಧಾರಾಳವಾಗಿ ಕೊಟ್ಟು ಕಳಿಸಿದರು. ಅದರ ಸಂಗಡ ಟಿಸಿಎಚ್ ಪಾಸಾದ ಸರ್ಟಿಫಿಕೇಟೂ ಬಂತು. ಮಾಸ್ತರಿಕೆ ಕಲಿತಿದ್ದೆನೇ ಹೊರತು ಮಾಡಿರಲಿಲ್ಲ. ಮದುವೆಯಾಗಿ ಖಾನಾಪುರಕ್ಕೆ ಬಂದೆ, ನನ್ನವರು ಲೈನ್‌ಮನ್, ಕಂಬದಿಂದ ಕಂಬಕ್ಕೆ ಅಲೆಯುವ ಕೆಲಸ. ಸರ್ಟಿಫಿಕೇಟು ಟ್ರಂಕಿನ ತಳ ಸೇರಿತು. ಸಾಲೆಯ ಗಂಟೆ ಬಾರಿಸಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ, ಯಾಕೆಂದು ಯಾರಿಗೂ ಹೇಳಿರಲಿಲ್ಲ.

ಇಸವಿ ಎರಡು ಸಾವಿರಕ್ಕೆ ತಿರುಗುವ ಮುಂಚಿನ ವರ್ಷ, ಆರನೆಯ ಇಯತ್ತೆಯಲ್ಲಿದ್ದ ನನ್ನ ಒಬ್ಬಳೇ ಮಗಳು ಕುಂಟತೊಡಗಿದಳು. ಆಟದಲ್ಲಿ ಬಿದ್ದಿರಬೇಕು ಎಂದು ಎಣ್ಣೆ ತಿಕ್ಕಿದೆವು. ಕೊನೆಗೆ ಬೆಳಗಾವಿಯ ಡಾಕ್ಟರು ಎಕ್ಸ್‌ರೇ ಫೋಟೊ ತೆಗೆಸಿ ನೋಡಿ, ಸೊಂಟದ ಕೀಲಿಗೆ ರೋಗ ಹತ್ತಿದೆ, ಔಷಧದಿಂದ ವಾಸಿಯಾಗುತ್ತದೆ, ಆದರೆ ಎರಡು ವರ್ಷ ನೆಲಕ್ಕೆ ಕಾಲು ಊರಬಾರದು ಎಂದರು. ಹುಡುಗಿ ಅಳಲಿಲ್ಲ. ಹಾಗಾದರೆ ಏಳನೆಯ ಪರೀಕ್ಷೆ ಏನಾಗುತ್ತದೆ ಎಂದು ಕೇಳಿದಳು. ನಮ್ಮ ಕಡೆ ಹಿರಿಯರು ಆ ಪರೀಕ್ಷೆಯನ್ನು ಮುಲ್ಕಿ ಎನ್ನುತ್ತಿದ್ದರು. ಅದು ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಅಲ್ಲಿಗೇ ಓದು ಮುಗಿದಂತೆ. ಅವಳ ಓರಗೆಯವರೆಲ್ಲ ಬರುವ ವರ್ಷ ಅದಕ್ಕೆ ಕೂಡುವವರಿದ್ದರು.

ಊರ ಸಾಲೆಯವರು ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಹೆಸರು ಹೊಡೆದು ಹಾಕಿದರು. ನಾನೇ ಮನೆಯಲ್ಲಿ ಕಲಿಸುತ್ತೇನೆ, ಪರೀಕ್ಷೆಗಷ್ಟೇ ಕೂಡಿಸಿಕೊಳ್ಳಿ ಎಂದು ಬೇಡಿಕೊಂಡು ಬೆಳಗಾವಿಯ ಶಿಕ್ಷಣ ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಕುಂದರ್ರಿ ಎಂದು ಕುರ್ಚಿ ಕೊಟ್ಟು ಚಹಾ ತರಿಸಿದರು. ಚಹಾ ಮುಗಿಯುವವರೆಗೆ ಕಾಯ್ದು, "ಕಾನೂನಿನ್ಯಾಗ ಮನಿ ಅನ್ನೂ ಸಾಲಿ ಇಲ್ರೀ" ಎಂದರು. ಮುಲ್ಕಿಗೆ ಕೂಡಬೇಕಾದರೆ ಮಾನ್ಯತೆ ಇದ್ದ ಯಾವುದಾದರೂ ಸಾಲೆಯ ಪಟದಲ್ಲಿ, ಅಂದರೆ ಹಾಜರಿ ಪಟ್ಟಿಯಲ್ಲಿ, ಹೆಸರಿರಬೇಕು, ಮುಕ್ಕಾಲು ಪಾಲು ಹಾಜರಿ ಇರಬೇಕು. ಅದಾಗದಿದ್ದರೆ ವಯಸ್ಸು ತುಂಬುವವರೆಗೆ ಕಾಯ್ದು ನೇರ ಹತ್ತನೆಯದಕ್ಕೆ ಖಾಸಗಿಯಾಗಿ ಕಟ್ಟಬಹುದು. ದಿಲ್ಲಿಯ ಮುಕ್ತ ಶಾಲೆ ಎಂಬುದೂ ಒಂದಿದೆಯಂತೆ, ಅದರ ಅರ್ಜಿಯನ್ನು ಅವರೂ ಕಂಡಿರಲಿಲ್ಲ. ನಾನು ಏಳುವಾಗ ಅವರೇ ದನಿ ತಗ್ಗಿಸಿ, ಕ್ಯಾಂಪಿನ ಕಡೆ ಚರ್ಚಿನವರ ಸಣ್ಣದೊಂದು ಸಾಲೆಯಿದೆ, ಅಲ್ಲಿಯ ಸಿಸ್ಟರ್ ಇಂಥ ಮಕ್ಕಳನ್ನು ತಮ್ಮ ಪಟದಲ್ಲಿ ಇಟ್ಟುಕೊಳ್ಳುತ್ತಾರೆ, ಕೇಳಿ ನೋಡಿ ಎಂದರು.

ಸಿಸ್ಟರ್ ಗೋವೆಯ ಕಡೆಯವರು, ಇಲ್ಲೇ ಇಪ್ಪತ್ತು ವರ್ಷ ಕಳೆದು ನಮಗಿಂತ ಚೊಕ್ಕಾಗಿ ನಮ್ಮ ಮಾತು ಆಡುತ್ತಿದ್ದರು. ಕಾಡಿನಂಚಿನ ವಾಡಿಗಳಿಂದ ಬರಲಾಗದ ಮಕ್ಕಳನ್ನು ಹಿಂದೆ ಹೀಗೆ ಓದಿಸಿದ್ದರಂತೆ. ನನ್ನ ಸರ್ಟಿಫಿಕೇಟನ್ನು ಎರಡು ಸಲ ನೋಡಿದರು. ಡಾಕ್ಟರ ಚೀಟಿ ಸೇರಿಸಿ ತಾವೇ ಮೇಲಿನವರಿಗೆ ಪತ್ರ ಬರೆದು, ಹುಡುಗಿ ತಮ್ಮ ಸಾಲೆಯ ನಿಗಾದಲ್ಲಿ ಮನೆಯಲ್ಲೇ ಕಲಿಯಲು ಬರವಣಿಗೆಯ ಅಪ್ಪಣೆ ತರಿಸಿದರು. ಆದರೆ ಕರಾರು ಹಾಕಿದರು. ತಾವು ಸುಳ್ಳು ಹಾಜರಿ ಹಾಕುವವರಲ್ಲ, ಮನೆಯಲ್ಲಿ ದಿನಾ ಇಷ್ಟು ತಾಸು ಪಾಠ ನಡೆಯಬೇಕು, ನಾನೇ ಹಾಜರಿ ಪುಸ್ತಕ ಬರೆಯಬೇಕು. ಡಾಕ್ಟರಿಗೆ ತೋರಿಸಲು ಬಂದಾಗ ತಿಂಗಳಿಗೊಮ್ಮೆ ಹುಡುಗಿ ಅವರ ಮುಂದೆ ಪರೀಕ್ಷೆ ಬರೆಯಬೇಕು. ಪರೀಕ್ಷೆಗೆ ಹೆಸರು ಕಳಿಸುವಾಗ ಪುಸ್ತಕ ನೋಡಿ ಅವರು ಸಹಿ ಮಾಡುತ್ತಾರೆ.

ಹಲಸಿಯ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಅತ್ತೆಗೆ ಸುದ್ದಿ ಹೋಯಿತು. ಮೊದಲ ಬಸ್ಸಿಗೆ ಬಂದರು. ಚರ್ಚಿನವರು ಮೊಮ್ಮಗಳ ಕೊರಳಿನ ಲಿಂಗ ತೆಗೆಸುತ್ತಾರೆಂದು ಅವರ ಅಂಜಿಕೆ. ಮುಂದಿನ ಸಲ ತಾವೂ ಜೊತೆಗೆ ಬಂದು ಪರೀಕ್ಷೆಯ ಉದ್ದಕ್ಕೂ ಕಾವಲು ಕೂತರು. ಸಿಸ್ಟರ್ ಹುಡುಗಿಯನ್ನು ಎತ್ತಿ ಬೆಂಚಿಗೆ ಒರಗಿಸುವಾಗ ಲಿಂಗದ ಕರಡಿಗೆಯ ದಾರ ಬೆಂಚಿನ ಮೂಲೆಗೆ ಸಿಕ್ಕಿತು. ಅವರೇ ಅದನ್ನು ಬಿಡಿಸಿ ಅಂಗಿಯ ಒಳಗೆ ಸರಿಸಿದರು. ಅತ್ತೆ ಆಮೇಲೆ ಆ ವಿಷಯ ಎತ್ತಲಿಲ್ಲ, ಮರುತಿಂಗಳು ಸಿಸ್ಟರಿಗೆಂದು ಎಳ್ಳುಹೋಳಿಗೆ ಕಟ್ಟಿಕೊಟ್ಟರು.

ಬೆಳಗಾವಿಯ ಗಣಪತ ಗಲ್ಲಿಯಲ್ಲಿ ರಟ್ಟಿನ ಹಾಜರಿ ಪುಸ್ತಕ ಕೊಂಡ ದಿನ ನನಗೆ ನೌಕರಿಯೇ ಸಿಕ್ಕಷ್ಟು ಖುಷಿಯಾಗಿತ್ತು. ಖರೇ ಹೇಳಬೇಕೆಂದರೆ ಮಗಳ ಕಾಲಿನ ದುಃಖದ ನಡುವೆಯೂ ಆ ಖುಷಿಗೆ ನನಗೇ ನಾಚಿಕೆಯಾಯಿತು. ನಡುಮನೆಯಲ್ಲಿ ಅವಳ ಮಂಚ, ಎದುರಿಗೆ ನನ್ನ ಕುರ್ಚಿ, ಗೋಡೆಗೆ ಕರಿಹಲಗೆ. ಹತ್ತಕ್ಕೆ ಸಾಲೆ ಸುರು. ನಾನು ಇಸ್ತ್ರಿ ಸೀರೆ ಉಟ್ಟು ಅಡಿಗೆಮನೆಯಿಂದಲೇ ಬರುತ್ತಿದ್ದೆ, ಆದರೆ ಬಂದ ಮೇಲೆ ಅವ್ವ ಅಲ್ಲ. ನಾಲ್ಕರವರೆಗೆ ಅವಳು ನನ್ನನ್ನು, ಸಾಲೆಯಲ್ಲಿ ಶಿಕ್ಷಕಿಯರನ್ನು ಕರೆಯುವ ಹಾಗೆ, ಅಕ್ಕೋರ ಎನ್ನಬೇಕು, ರೀ ಹಚ್ಚಿ ಮಾತಾಡಬೇಕು. ಮೊದಮೊದಲು ಇಬ್ಬರಿಗೂ ನಗು ಬರುತ್ತಿತ್ತು. ಬರಬರುತ್ತ ನಾನು ನಗುವುದನ್ನು ಬಿಟ್ಟೆ.

ಮಗಳು ಜಾಣೆ, ಆದರೆ ಮಲಗಿ ಮಲಗಿ ಬೇಸತ್ತವಳು. ಕೆಲವು ದಿನ ಕೇಳಿದ್ದಕ್ಕೆ ಉತ್ತರವಿಲ್ಲ, ಕೆಲವು ದಿನ ಪಾಟಿ ಮುಟ್ಟುವುದಿಲ್ಲ. ಹೊಡೆಯೋಣವೆಂದರೆ ರೋಗದ ಕೂಸು. ಮೈಯೆಲ್ಲ ಉರಿದು, ಒಂದು ದಿನ ಪುಸ್ತಕ ತೆರೆದು ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರಿಯ ಸೊನ್ನೆ ಹಾಕಿದೆ. ಮನಸ್ಸು ಇಲ್ಲಿಲ್ಲದ ಮೇಲೆ ಹಾಜರಿ ಎಂಥದು ಎಂದೆ. ಅವಳು ಮೋರೆ ಗೋಡೆಗೆ ತಿರುಗಿಸಿದಳು. ಆವತ್ತಿನಿಂದ ಅದೇ ನನ್ನ ಕೈಗೆ ಸಿಕ್ಕ ಬೆತ್ತ. ಮಗ್ಗಿ ತಪ್ಪಿದರೆ ಸೊನ್ನೆ, ಆಕಳಿಸಿದರೆ ಸೊನ್ನೆ. ಇಡೀ ಪಟದಲ್ಲಿ ಇದ್ದದ್ದು ಒಂದೇ ಹೆಸರು, ಅದರ ಮುಂದೆ ಸೊನ್ನೆ ಹಾಕುವಾಗ ನಾನು ಬಲು ಶಿಸ್ತಿನ ಅಕ್ಕೋರು ಎಂದುಕೊಳ್ಳುತ್ತಿದ್ದೆ. ಇದನ್ನು ಈಗ ಬರೆಯುವಾಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಏಳನೆಯ ಇಯತ್ತೆಯ ವರ್ಷದ ಕೊನೆಗೆ ಪರೀಕ್ಷೆಗೆ ಹೆಸರು ಕಳಿಸುವ ದಿನ ಬಂತು. ತಿಂಗಳ ಪರೀಕ್ಷೆಗಳಲ್ಲೆಲ್ಲ ಅವಳು ಮುಂದಿದ್ದಳು, ನನಗೆ ಚಿಂತೆಯೇ ಇರಲಿಲ್ಲ. ನನ್ನವರು ಮಗಳನ್ನು ರೇಲ್ವೆ ಗಾಡಿಯಿಂದ ಇಳಿಸಿ, ರಿಕ್ಷಾ ಹತ್ತಿಸಿ, ಸಾಲೆಯ ಪಡಸಾಲೆಯ ಬೆಂಚಿನ ಮೇಲೆ ಮಲಗಿಸಿ ಕೆಲಸಕ್ಕೆ ಹೋದರು. ಸಿಸ್ಟರ್ ಪುಸ್ತಕದ ಹಾಳೆ ತಿರುವುತ್ತ ಹೋದಂತೆ ಅವರ ಹುಬ್ಬು ಕೂಡಿದವು. ಕೂಡಿಸಿ ನೋಡಿದರು. ಮುಕ್ಕಾಲು ಪಾಲಿಗೆ ಬಹಳ ಕಡಿಮೆ ಬಿತ್ತು. ಈ ಪುಸ್ತಕ ನೋಡಿದರೆ ಕಚೇರಿಯವರು ಹೆಸರು ತಿರುಗಿಸಿ ಕಳಿಸುತ್ತಾರೆ, ನಾಳೆಯೇ ಪಟ್ಟಿ ಹೋಗಬೇಕು ಎಂದರು.

ಸಿಸ್ಟರ್ ಮಗಳ ಕಡೆ ತಿರುಗಿ ಕೇಳಿದರು. "ಇಷ್ಟ ದಿನಾ ಎಲ್ಲಿಗ ಹೋಗಿದ್ದಿ ಮಗಾ?"

"ಎಲ್ಲಿಗೂ ಹೋಗಿಲ್ರೀ ಸಿಸ್ಟರ್. ಅಲ್ಲೇ ಮಲಗಿದ್ನಿರೀ."

ಎದ್ದು ನಿಲ್ಲಲಾರದ ಹುಡುಗಿಗೆ ನಾನು ಅಷ್ಟು ದಿನ ಗೈರುಹಾಜರಿ ಹಾಕಿದ್ದೆ. ಸಿಸ್ಟರ್ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ತಾವು ಒಂದು ಸೊನ್ನೆಯನ್ನೂ ಅಳಿಸುವುದಿಲ್ಲ, ಬರೆದವರೇ ತಿದ್ದಬೇಕು, ತಿದ್ದಿದ ಕಡೆಗೆಲ್ಲ ಸಹಿ ಹಾಕಬೇಕು, ಹುಡುಗಿ ಖರೇನೇ ಗೈರಾದ ದಿನಗಳನ್ನು ಹಾಗೇ ಬಿಡಬೇಕು ಎಂದು ಹೇಳಿ ತರಗತಿಗೆ ಹೋದರು.

ನಾನು ಬೆಂಚಿನ ಪಕ್ಕ ನೆಲದ ಮೇಲೆ ಕೂತು ತಾರೀಖು ಓದತೊಡಗಿದೆ. ಮಗಳಿಗೆ ಒಂದೊಂದು ದಿನವೂ ನೆನಪಿತ್ತು. ಇದು ಕಾವೇರಿಯ ಉಪನದಿ ಹೇಳಲು ಬರದ ದಿನ, ಇದು ಮಗ್ಗಿ ತಪ್ಪಿದ ದಿನ, ಇದು ಪಕ್ಕದ ಮನೆಯ ಹುಡುಗಿಯರು ಕುಂಟಾಪಿಲ್ಲಿ ಆಡುವುದನ್ನು ಕಿಟಕಿಯಲ್ಲಿ ನೋಡುತ್ತಿದ್ದ ದಿನ. ಚಿಕ್ಕಪ್ಪನ ಮದುವೆಗೆ ಜೀಪಿನಲ್ಲಿ ಒಯ್ದ ಮೂರು ದಿನ ಖರೇ ಗೈರುಹಾಜರಿ ಎಂದು ಅವಳೇ ಹೇಳಿದಳು. ವರ್ಷದುದ್ದಕ್ಕೂ ಬಿಟ್ಟುಬಿಟ್ಟು ಜ್ವರ ಬಂದು ಹೋದ ಎರಡು ತಿಂಗಳಷ್ಟು ದಿನಗಳ ಸೊನ್ನೆಯನ್ನೂ ಹಾಗೇ ಬಿಡಿಸಿದಳು. ನಾನು ಉಳಿದ ಸೊನ್ನೆಗಳನ್ನು ಹೊಡೆದು ಹಾಕಿ, ಹಾಜರಿ ಬರೆದು, ಸಹಿ ಹಾಕುತ್ತ ಹೋದೆ. ದಿನಗಳು ಒಂದೊಂದಾಗಿ ಕೂಡುತ್ತ ಬಂದವು. ಕೊನೆಗೆ ವಿಚಾರಿಸಬೇಕಾದ ಒಂದೇ ಸೊನ್ನೆ ಉಳಿಯಿತು, ಮುಕ್ಕಾಲು ಪಾಲು ಮುಟ್ಟಲು ಒಂದೇ ದಿನ ಬೇಕಿತ್ತು. ಮಳೆಗಾಲದ ಒಂದು ಗುರುವಾರ. ತಾರೀಖು ಓದಿದೆ. ಮಗಳು ಬೆಂಚಿನ ಅಂಚನ್ನು ಉಗುರಿನಿಂದ ಕೆರೆದಳು. ಮತ್ತೊಮ್ಮೆ ಓದಿದೆ.

"ಅವತ್ತ ಅಕ್ಕೋರು ಬಂದಿರಲಿಲ್ರೀ" ಎಂದಳು.

ನನಗೆ ತಟ್ಟನೆ ನೆನಪಾಯಿತು. ಅವತ್ತು ಅವಳು ಪುಸ್ತಕ ಎಸೆದಿದ್ದಳು. ನಾನು ಬಾಯಿಗೆ ಬಂದದ್ದು ಅಂದು, ಅವಳ ಕೈಗೆಟುಕುವಲ್ಲಿ ಒಂದು ತಂಬಿಗೆ ನೀರನ್ನೂ ಇಡದೆ, ಕದ ಮುಂದಕ್ಕೆಳೆದು ಸ್ಟೇಷನ್ನಿಗೆ ಹೋಗಿ ಕಲ್ಲಿನ ಬಾಕಿನ ಮೇಲೆ ಕೂತಿದ್ದೆ. ಎರಡು ಗಾಡಿ ಬಂದು ಹೋದವು. ಹತ್ತಿ ತವರಿಗೆ ಹೋಗಿಬಿಡೋಣ ಎಂದೂ ಅನಿಸಿತ್ತು. ನಾಲ್ಕು ದಾಟಿದ ಮೇಲೆ ಮನೆಗೆ ಬಂದು, ಮೊದಲು ಮಾಡಿದ ಕೆಲಸವೇ ಅವಳಿಗೆ ಸೊನ್ನೆ ಹಾಕಿದ್ದು. ನಾನಿಲ್ಲದಾಗ ಅವಳು ಏನು ಮಾಡಿದಳೆಂದು ಕೇಳಿರಲಿಲ್ಲ. ಏನು ಮಾಡಿದಿ ಎಂದು ಈಗ ಕೇಳಿದೆ. ಲೆಕ್ಕ ಬಿಡಿಸಿದೆ ಎಂದಳು. ಚೀಲದಿಂದ ವಹಿ ತೆಗೆದು ನೋಡಿದೆ. ಅದೇ ತಾರೀಖು ಹಾಕಿ ಎರಡು ಪುಟ ಲೆಕ್ಕ ಮಾಡಿದ್ದಳು, ಯಾರೂ ತಿದ್ದಿರಲಿಲ್ಲ.

ಸುಮ್ಮನೆ ಹಾಜರಿ ಎಂದು ಬರೆದು ಮುಗಿಸಬಹುದಿತ್ತು, ಕೇಳುವವರು ಯಾರಿದ್ದರು. ಪಾಠವೇ ನಡೆಯದ ದಿನ ಲೆಕ್ಕಕ್ಕಿಲ್ಲ ಎಂದು ಸಿಸ್ಟರ್ ಅಂದರೆ ಮಗಳ ವರ್ಷವೇ ಹೋಗುತ್ತದೆ ಎಂಬುದೂ ಗೊತ್ತಿತ್ತು. ಆದರೆ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಸೊನ್ನೆ ಹೊಡೆದು ಹಾಕಿ ಹಾಜರಿ ಎಂದು ಬರೆದೆ, ಬದಿಗೆ ಕೆಂಪು ಶಾಯಿಯಲ್ಲಿ ಶಿಕ್ಷಕಿ ಗೈರುಹಾಜರಿ ಎಂದು ಬರೆದೆ, ಸಹಿ ಹಾಕಿದೆ. ಕಣ್ಣೀರು ಬಂದು ಅಕ್ಷರ ವಾರೆಯಾದವು.

ಸಿಸ್ಟರ್ ತಿರುಗಿ ಬಂದು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ನಾನು ವಹಿಯನ್ನು ಮುಂದೆ ಹಿಡಿದೆ. ಎರಡೂ ಪುಟ ನೋಡಿದರು, ತಮ್ಮ ಪೆನ್ನಿನಿಂದಲೇ ತಿದ್ದಿದರು. "ನನ್ನ ಸಾಲ್ಯಾಗೂ ಅಕ್ಕೋರು ರಜಾ ಹಾಕ್ತಾರ್ರೀ. ಅದಕ್ಕ ಹುಡುಗೂರಿಗೆ ಗೈರುಹಾಜರಿ ಹಾಕಂಗಿಲ್ಲ" ಎಂದು ಹೇಳಿ ಸಹಿ ಮಾಡಿ, ಸಾಲೆಯ ಸಿಕ್ಕಾ ಒತ್ತಿದರು. ಹೆಸರು ಪಟ್ಟಿಗೆ ಸೇರಿತು.

ತಿರುಗಿ ಬರುವಾಗ, ನನ್ನವರು ಸಂಜೆ ಬಂದು ಹತ್ತಿಸಿದ ಗಾಡಿಯಲ್ಲಿ, ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬಿಟ್ಟು ಹೋಗಿದ್ದು ನನ್ನ ತಪ್ಪು ಎಂದೆ. ಅವತ್ತು ಒಬ್ಬಳೇ ಅಂಜಿದ್ದೆಯೇನು ಎಂದು ಕೇಳಿದೆ. ಮೊದಲು ಅಂಜಿಕೆಯಾಗಿತ್ತು ಅಂದಳು.

"ನೀ ಬರತಿ ಅಂತ ಗೊತ್ತಿತ್ತವ್ವಾ. ಬಂದ ಕೂಡ್ಲೇ ಲೆಕ್ಕಾ ಕೇಳ್ತಿ ಅಂತ ಮಾಡಿಟ್ಟಿದ್ದೆ."