ರಾಷ್ಟ್ರಕೂಟರಿಗೆ ಹತ್ತು ಅಂಕ

ಒಂದೇ ಪ್ರಶ್ನೆಗೆ ಎರಡು ಬೇರೆ ಬೇರೆ ಉತ್ತರಗಳನ್ನು ಸರಿಯೆಂದು ತೀರ್ಪು ಕೊಟ್ಟ ಜಗತ್ತಿನ ಏಕೈಕ ಕ್ವಿಜ್ ಮಾಸ್ಟರ್ ನಾನು. ಅದೂ ಒಂದೇ ಸಂಜೆ, ಒಂದೇ ಮೈಕಿನಲ್ಲಿ, ಇಡೀ ಬಿಲ್ಡಿಂಗಿನ ಮುಂದೆ, ಸಾಕ್ಷಾತ್ ಗಣಪತಿಯ ಎದುರು. ಗಣಪತಿ ಆ ದಿನ ಕಿವಿಗಳನ್ನು ಸ್ವಲ್ಪ ಮಡಚಿಕೊಂಡಂತೆ ನನಗೆ ಕಂಡಿತು.

ನಮ್ಮದು ಬೊಂಬಾಯಿಯ ಕಾಂದಿವಲಿಯಲ್ಲಿ ಎರಡು ವಿಂಗುಗಳ ಹಳೆಯ ಬಿಲ್ಡಿಂಗ್. ಹನ್ನೊಂದು ದಿನ ಗಣಪತಿ ಕೂರಿಸುತ್ತಾರೆ. ಐದನೇ ದಿನ ಎ ವಿಂಗಿಗೂ ಬಿ ವಿಂಗಿಗೂ ಕ್ವಿಜ್. ಆ ವರ್ಷ ಪ್ರಶ್ನೆ ಕೇಳುವ ಕೆಲಸವನ್ನು ಕಮಿಟಿಯವರು ನನಗೆ ವಹಿಸಿದರು, ಯಾಕೆಂದರೆ ನಾನು ಇತಿಹಾಸದಲ್ಲಿ ಬಿ.ಎ. ಮಾಡಿದವನು. ಮೂರು ವರ್ಷದ ಕೋರ್ಸನ್ನು ನಾಲ್ಕು ವರ್ಷ ಓದಿದವನಾದ್ದರಿಂದ ನನ್ನ ಜ್ಞಾನ ಉಳಿದವರಿಗಿಂತ ಒಂದು ವರ್ಷ ಹೆಚ್ಚೇ ಎಂದು ನಾನೂ ನಂಬಿದ್ದೆ.

ನನ್ನ ಎಡವಟ್ಟಿನ ಬೇರು ನನ್ನ ಟ್ರಂಕಿನಲ್ಲಿತ್ತು. ನಾನು ಕಲಿತದ್ದು ಮಲಾಡಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ. ಟೀಚರು ಕನ್ನಡದವರು, ಪುಸ್ತಕ ಕನ್ನಡದಲ್ಲಿ, ಆದರೆ ಪಾಠ ಮಹಾರಾಷ್ಟ್ರದ್ದು. ಮೇ ತಿಂಗಳಲ್ಲಿ ಉಡುಪಿಗೆ ಹೋದಾಗ ದೊಡ್ಡಮ್ಮ ತಮ್ಮ ಮಗಳ ಹಳೆಯ ಪುಸ್ತಕಗಳನ್ನು ಕಟ್ಟಿಕೊಡುತ್ತಿದ್ದರು, "ನಿನ್ನ ಕನ್ನಡ ಬೊಂಬಾಯಿಯಲ್ಲಿ ತುಕ್ಕು ಹಿಡಿಯುವುದು ಬೇಡ" ಎಂದು. ಅವು ಕರ್ನಾಟಕದ ಪಾಠಗಳು. ಹೀಗೆ ನನ್ನ ಬಳಿ ಒಂದೇ ಭಾಷೆಯಲ್ಲಿ ಎರಡು ಇತಿಹಾಸಗಳಿದ್ದವು. ಎರಡೂ ಪುಸ್ತಕಗಳನ್ನು ಮಂಚದ ಮೇಲೆ ಹರಡಿಕೊಂಡು, ಒಮ್ಮೆ ಅದರಿಂದ, ಒಮ್ಮೆ ಇದರಿಂದ ಪ್ರಶ್ನೆ ಆಯ್ದು ಚೀಟಿ ಬರೆದೆ. ಪುಸ್ತಕಗಳ ತಪ್ಪು ಏನೂ ಇಲ್ಲ. ರಾಷ್ಟ್ರಕೂಟರ ಕತೆಯನ್ನು ಒಂದು ಎಲ್ಲೋರಾದಿಂದ ಶುರು ಮಾಡುತ್ತಿತ್ತು, ಇನ್ನೊಂದು ಮಳಖೇಡದಿಂದ. ರಾಜರು ಎರಡೂ ಕಡೆ ಆರಾಮವಾಗಿ ಓಡಾಡಿಕೊಂಡಿದ್ದರು. ಅವರನ್ನು ಹಿಡಿದು ಒಂದೊಂದೇ ಪದದ ಉತ್ತರದೊಳಗೆ ಕೂಡಿಹಾಕಿದವನು ನಾನು.

ಎ ವಿಂಗಿನ ನಾಯಕ ಎರಡನೇ ಮಹಡಿಯ ಮರಾಠಿ ಕಾಕಾ. ಚರ್ಚ್‌ಗೇಟಿನ ಕಡೆ ಒಂದು ಆಫೀಸಿನಲ್ಲಿ ಹೆಡ್ ಕ್ಲಾರ್ಕು, ರಿಟೈರಾಗಲು ಇನ್ನು ಸ್ವಲ್ಪವೇ ದಿನ. ಬಿ ವಿಂಗಿನ ನಾಯಕ ನನ್ನ ಅಪ್ಪ, ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಗೆದ್ದವರಿಗೆ ಐದು ಲೀಟರಿನ ಕುಕ್ಕರ್.

ಎರಡನೇ ಸುತ್ತಿನಲ್ಲಿ ನಾನು ಚೀಟಿ ಓದಿದೆ: ಎಲ್ಲೋರಾದಲ್ಲಿ ಒಂದೇ ಬಂಡೆ ಕಡಿದು ಕೈಲಾಸ ಗುಡಿ ಮಾಡಿಸಿದ ವಂಶ ಎಲ್ಲಿಯದು? ಕಾಕಾ ಬಝರಿನ ಬದಲು ಇಟ್ಟಿದ್ದ ಸ್ಟೀಲ್ ತಟ್ಟೆಗೆ ಚಮಚ ಬಡಿದು, "ಮಹಾರಾಷ್ಟ್ರ!" ಎಂದರು. ಚೀಟಿಯಲ್ಲೂ ಹಾಗೇ ಇತ್ತು. ಹತ್ತು ಅಂಕ. ಕಾಕಾ ಮೀಸೆ ತಿರುವಿ, ಮುಂದಿನ ಸಾಲಿನಲ್ಲಿದ್ದ ತಮ್ಮ ಹೆಂಡತಿ ಕಾಕುವಿನ ಕಡೆ ನೋಡಿದರು.

ಕೊನೆಯ ಸುತ್ತು. ಎರಡೂ ವಿಂಗು ಸಮ ಸಮ. ಕೊನೆಯ ಚೀಟಿ: ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರು ಎಲ್ಲಿಯವರು? ಮತ್ತೆ ಕಾಕಾನ ತಟ್ಟೆಯೇ ಮೊದಲು ಸದ್ದು ಮಾಡಿತು.

"ಮಹಾರಾಷ್ಟ್ರ. ಆಗಲೇ ಹೇಳಿದೆನಲ್ಲ ರೇ!"

ಚೀಟಿ ನೋಡಿದೆ. ಕರ್ನಾಟಕ. ಬುದ್ಧಿಯಿದ್ದವನು ಅಲ್ಲಿ ಮೈಕ್ ಕೆಟ್ಟಿತೆಂದು ನಟಿಸುತ್ತಿದ್ದ. ನಾನು, "ಚೂಕ್! ತಪ್ಪು!" ಎಂದೆ. ಪ್ರಶ್ನೆ ಅಪ್ಪನಿಗೆ ದಾಟಿತು. ಅಲ್ಲಿಯವರೆಗೆ ಅಪ್ಪ ಉತ್ತರ ಕೊಟ್ಟದ್ದು ಎರಡೇ ಪ್ರಶ್ನೆಗೆ, ಒಂದು ಉದ್ದಿನಬೇಳೆಯದು, ಇನ್ನೊಂದು ಕಾಫಿಯದು. ಮಹಾರಾಷ್ಟ್ರ ಅಲ್ಲವೆಂದ ಮೇಲೆ ಉಳಿದದ್ದನ್ನು ಹೇಳೋಣ ಎಂಬ ಧಾಟಿಯಲ್ಲಿ, "ಹಾಗಾದ್ರೆ ಕರ್ನಾಟಕ?" ಎಂದರು.

"ಕರೆಕ್ಟ್!" ಎಂದೆ. ಬಿ ವಿಂಗು ಕುಣಿಯಿತು. ಅಮ್ಮ ಕುಕ್ಕರನ್ನು ಅಪ್ಪಿಕೊಂಡೇ ಬಿಟ್ಟಳು.

ಕಾಕಾ ಎದ್ದು ನಿಂತರು. "ಅರೇ, ಅದೇ ರಾಜರು ಕಣೋ! ಅರ್ಧ ಗಂಟೆ ಹಿಂದೆ ಮಹಾರಾಷ್ಟ್ರದವರು, ಈಗ ಕರ್ನಾಟಕದವರು ಹೇಗಾದರು?"

ಆಗಲಾದರೂ ತಪ್ಪಾಯಿತು ಎನ್ನಬಹುದಿತ್ತು. ಆದರೆ ಕೈಯಲ್ಲಿ ಮೈಕ್ ಇದ್ದರೆ ನನ್ನ ನಾಲಗೆಗೂ ಮೆದುಳಿಗೂ ಸಂಪರ್ಕ ಕಡಿದುಹೋಗುತ್ತದೆ. "ಕಾಕಾ, ಮಧ್ಯದಲ್ಲಿ ಟ್ರಾನ್ಸ್‌ಫರ್ ಆರ್ಡರ್ ಬಂದಿರಬೇಕು," ಎಂದೆ.

ಇಡೀ ಮಂಟಪ ನಕ್ಕಿತು. ಎ ವಿಂಗೂ ನಕ್ಕಿತು. ಅಪ್ಪನೂ ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಪ್ಪನ ಮುಂದೆ ಬಂದು, ಮರಾಠಿಯಲ್ಲಿ ಮೆಲ್ಲಗೆ ಒಂದೇ ಮಾತು ಹೇಳಿದರು: "ಅಣ್ಣಾ, ನಾಳೆಯಿಂದ ನಿಮ್ಮ ಸೀಟು ಹಿಡಿಯಲು ರಾಷ್ಟ್ರಕೂಟರಿಗೇ ಹೇಳಿ."

ಅಪ್ಪನ ನಗು ಅಲ್ಲೇ ನಿಂತಿತು.

ಆ ಸೀಟಿನ ವಿಷಯ ಹೇಳದಿದ್ದರೆ ನನ್ನ ಪಾಪದ ತೂಕ ಗೊತ್ತಾಗುವುದಿಲ್ಲ. ಬೆಳಗ್ಗೆ ಬೋರಿವಲಿಯಿಂದ ಹೊರಡುವ ಲೋಕಲ್ ಕಾಂದಿವಲಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಆದ್ದರಿಂದ ತಿಳಿದವರು ಕಾಂದಿವಲಿಯಲ್ಲಿ ಉಲ್ಟಾ ದಿಕ್ಕಿನ ಗಾಡಿ ಹತ್ತಿ, ಒಂದು ಸ್ಟೇಷನ್ ಹಿಂದಕ್ಕೆ ಬೋರಿವಲಿಗೆ ಹೋಗಿ, ಅದೇ ಗಾಡಿ ತಿರುಗಿ ಹೊರಡುವಾಗ ಕೂತೇ ಬರುತ್ತಾರೆ. ಗಾಡಿ ನಿಲ್ಲುವ ಮೊದಲೇ ನುಗ್ಗಬೇಕು. ಅಪ್ಪನ ಎಡಮೊಣಕಾಲು ಆ ಕೆಲಸಕ್ಕೆ ಎಂದೋ ರಾಜೀನಾಮೆ ಕೊಟ್ಟಿದೆ. ಹಾಗಾಗಿ ಇಪ್ಪತ್ತು ವರ್ಷಗಳಿಂದ ಕಾಕಾ ಉಲ್ಟಾ ಹೋಗಿ ಎರಡು ಸೀಟು ಹಿಡಿಯುತ್ತಿದ್ದರು. ಗಾಡಿ ಮರಳಿ ಕಾಂದಿವಲಿಗೆ ಬಂದಾಗ ಅಪ್ಪ ಹತ್ತಿ, ಕಾಕಾ ಬ್ಯಾಗ್ ಎತ್ತಿದ ಜಾಗದಲ್ಲಿ ಕೂರುತ್ತಿದ್ದರು. ಪ್ರತಿಯಾಗಿ ಅಮ್ಮನ ನೀರುದೋಸೆ ಕಾಕಾನ ಬ್ಯಾಗಿಗೆ. ಗ್ರಾಂಟ್ ರೋಡ್ ಬರುವವರೆಗೆ ಇಬ್ಬರೂ ಜಗತ್ತಿನ ಎಲ್ಲ ಸರ್ಕಾರಗಳನ್ನು ಬೀಳಿಸಿ ಎಬ್ಬಿಸುತ್ತಿದ್ದರು.

ಮರುದಿನ ಅಪ್ಪ ಸಂಜೆ ಮನೆಗೆ ಬಂದವರೇ ಕಾಲು ಚಾಚಿ ಕೂತರು. ಮೊಣಕಾಲು ಹಲಸಿನ ಕಾಯಿಯಂತೆ ಊದಿತ್ತು.

"ಸೀಟು?" ಎಂದು ಅಮ್ಮ ಕೇಳಿದಳು.

"ನಿಂತು ಹೋದೆ," ಎಂದರು ಅಪ್ಪ.

ಅಮ್ಮ ಎಣ್ಣೆ ಬಿಸಿ ಮಾಡುತ್ತಾ ನನ್ನನ್ನು ನೋಡಿದ ರೀತಿಗೆ ಎಣ್ಣೆ ತಾನಾಗಿಯೇ ಬಿಸಿಯಾಗಬಹುದಿತ್ತು. "ಗುಡಿ ಕಟ್ಟಿದವರು ಸತ್ತು ಸಾವಿರ ವರ್ಷ ಆಯ್ತು. ಇವರ ಕಾಲು ಈಗ ಸಾಯ್ತಾ ಉಂಟು. ನಿನಗೆ ಬೇರೆ ಪ್ರಶ್ನೆ ಸಿಗ್ಲಿಲ್ವಾ?"

"ಅಪ್ಪಾ, ನೀವಾದ್ರೂ ಕರ್ನಾಟಕ ಅಂತ ಯಾಕೆ ಹೇಳಿದ್ರಿ?"

"ನೀನು ಕೇಳಿದಿ, ನಾನು ಹೇಳಿದೆ. ನನಗೆಂಥ ಗೊತ್ತು ಮಾರಾಯ? ನಾವು ತುಳುವರು. ನಮ್ಮ ಕಡೆ ಆಳುಪರು ಅಂತ ಇದ್ದರಂತೆ. ಮೇಲಿನವರಲ್ಲಿ ಯಾರು ಗೆದ್ದರೂ ಅವರಿಗೆ ಕೈಮುಗಿದು ಬನ್ನಿ, ಕೂತ್ಕೊಳ್ಳಿ ಅಂತಿದ್ದರು ಕಾಣ್ತದೆ. ಹೋಟೆಲ್ ಬುದ್ಧಿ ಅಲ್ಲಿಂದಲೇ ಬಂದದ್ದು."

ನಕ್ಕರು. ಆದರೆ ಕಾಲು ಮಡಿಸುವಾಗ ನಗು ಅರ್ಧಕ್ಕೇ ತುಂಡಾಯಿತು.

ಎರಡನೇ ದಿನವೂ "ನಿಂತು ಹೋದೆ." ಮೂರನೇ ದಿನ ನಾನೇ ಸೀಟು ಹಿಡಿಯುತ್ತೇನೆಂದು ವೀರಪ್ರತಿಜ್ಞೆ ಮಾಡಿದೆ. ಕಾಕಾನ ಎದುರು ಬೀಳಬಾರದೆಂದು ಒಂದು ಗಾಡಿ ಮೊದಲೇ ಹತ್ತಿದೆ. ನುಗ್ಗಿದ ರಭಸಕ್ಕೆ ಶರ್ಟಿನ ಎರಡು ಗುಂಡಿ ಪ್ಲಾಟ್‌ಫಾರ್ಮಿಗೆ ಕಾಣಿಕೆಯಾದವು. ಆದರೂ ಕಿಟಕಿಯ ಬದಿಯಲ್ಲಿ ಎರಡು ಸೀಟು ಸಿಕ್ಕಿತು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ನನ್ನ ಬ್ಯಾಗು. ಬೋರಿವಲಿ ಬಂತು. ಎಲ್ಲರೂ ಇಳಿದರು. ಹೊಸಬರು ಹತ್ತಿದರು. ಗಾಡಿ ಹೊರಟಿತು, ಮುಂದಕ್ಕೇ. ದಹಿಸರ್ ದಾಟಿತು. ಅದು ಬೋರಿವಲಿಯಲ್ಲಿ ತಿರುಗದ ವಿರಾರ್ ಗಾಡಿ.

ಫೋನ್ ಬಂತು. "ಎಲ್ಲಿದ್ದಿ?" ಎಂದರು ಅಪ್ಪ.

"ವಸಯಿ ಖಾಡಿಯ ಸೇತುವೆ ಮೇಲೆ."

"ಸೀಟು?"

"ಎರಡೂ ಉಂಟು ಅಪ್ಪಾ."

"ಒಳ್ಳೇದು. ಇಟ್ಕೊ," ಎಂದು ಅಪ್ಪ ಫೋನ್ ಇಟ್ಟರು. ವಾಪಸು ಬಂದ ಫಾಸ್ಟ್ ಗಾಡಿ ಕಾಂದಿವಲಿಯ ಕಡೆ ಕತ್ತೆತ್ತಿಯೂ ನೋಡದೆ ನನ್ನನ್ನು ಅಂಧೇರಿಯಲ್ಲಿ ಉಗುಳಿತು.

ಆ ಸಂಜೆ ಸೋತ ಮುಖ ಹೊತ್ತು ಗೇಟಿನ ಬಳಿ ಕೂತೆ. ನಮ್ಮ ವಾಚ್‌ಮನ್ ಕಲಬುರಗಿ ಕಡೆಯವನು. ಊರು ಯಾವುದೆಂದು ಎಷ್ಟೋ ವರ್ಷಗಳಲ್ಲಿ ನಾನು ಕೇಳಿರಲಿಲ್ಲ. ಆ ದಿನ ಕೇಳಿದೆ.

"ಮಳಖೇಡರೀ," ಎಂದ.

ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದರೆ ಅದೇ ಊರು. ಅದರ ಪ್ರಜೆಯೊಬ್ಬ ದಿನವೂ ನಮಗೆ ಗೇಟು ತೆಗೆಯುತ್ತಿದ್ದ!

"ಕ್ವಿಜ್ ದಿನ ಇಲ್ಲೇ ಇದ್ದೆಯಲ್ಲ, ಯಾಕೆ ಹೇಳಲಿಲ್ಲ?"

"ಯಾರ್ ಕೇಳ್ಯಾರ್ರೀ ನನ್ನ? ನಮ್ಮೂರಾಗ ಕ್ವಾಟಿ ಅದ, ಹೊಳಿ ಅದ. ರಾಜರು ಯಾವ ಕಡೀಯವರಂತ ನಮಗೇನ್ ಗೊತ್ತು. ಆದ್ರ ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮುದುಕಗ ನೀವು ನಗಬಾರದಿತ್ತು. ಸೋತದ್ದಕ್ಕ ಅಲ್ಲರೀ ಅವ್ರು ಎದ್ ಹೋಗಿದ್ದು."

ಅದು ನೇರವಾಗಿ ನಾಟಿತು. ಮರುದಿನ ಸಂಜೆ ಕಾಕಾನ ಬಾಗಿಲು ತಟ್ಟಿದೆ. ಎರಡೂ ಪುಸ್ತಕ ಕಂಕುಳಲ್ಲಿತ್ತು. ಸಮಜಾಯಿಷಿಯನ್ನು ಮೂರು ಭಾಷೆಗಳಲ್ಲಿ ಬಾಯಿಪಾಠ ಮಾಡಿದ್ದೆ. ಆ ರಾಜರ ಮೂಲ ಊರು ಇಂದಿನ ಲಾತೂರ್ ಎನ್ನುವವರಿದ್ದಾರೆ, ರಾಜಧಾನಿ ಇತ್ತ, ಗುಡಿ ಅತ್ತ, ಶಾಸನ ಕನ್ನಡದಲ್ಲೂ ಉಂಟು ಸಂಸ್ಕೃತದಲ್ಲೂ ಉಂಟು, ಅಷ್ಟೇ ಯಾಕೆ, ಬೋರಿವಲಿಯ ಕಾನ್ಹೇರಿ ಗುಹೆಯಲ್ಲೂ ಅವರ ಕಾಲದ ಬರಹ ಇದೆ, ಪಂಡಿತರೇ ಇನ್ನೂ ಜಗಳಾಡುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಒದರಿದೆ.

ಕಾಕಾ ಕೇಳಿಸಿಕೊಂಡರು. ಆಮೇಲೆ, "ನೀನು ಎಲ್ಲೋರಾ ನೋಡಿದ್ದೀಯಾ?" ಎಂದರು.

"ಇಲ್ಲ. ಪುಸ್ತಕದಲ್ಲಿ..."

"ನಮ್ಮ ಊರು ಅಲ್ಲಿಂದ ನಡೆದು ಹೋಗುವಷ್ಟು ದೂರ. ನಮ್ಮ ಆಯಿ, ನನ್ನ ತಾಯಿ, ಗುಹೆಗಳ ಬಾಗಿಲಲ್ಲಿ ಪೇರಲೆ ಮಾರುತ್ತಿದ್ದಳು. ನಾನು ಆ ಕಲ್ಲಿನ ಆನೆಯ ನೆರಳಲ್ಲಿ ಮಲಗಿ ಬೆಳೆದವನು. ನೋಡಲು ಬಂದವರು ಇದನ್ನು ಮಾಡಿದವರು ಯಾರೆಂದು ಕೇಳಿದರೆ, ಆಯಿ ಪೇರಲೆ ತೂಗುತ್ತಾ, 'ಆಮಚೇಚ್,' ನಮ್ಮವರೇ, ಎನ್ನುತ್ತಿದ್ದಳು. ಓದಲು ಬಾರದವಳು. ಆ ದಿನ ನಾನು ಮೈಕಿನಲ್ಲಿ ಅವಳ ಉತ್ತರ ಹೇಳಿದೆ. ನೀನು ನಗಿಸಿದೆ."

ನನ್ನ ಮೂರೂ ಭಾಷೆಗಳು ಒಟ್ಟಿಗೆ ರಜೆ ಹಾಕಿದವು. ಕಾಕು ಚಹಾ ತಂದಿಟ್ಟರು. ಅದನ್ನು ಕುಡಿದು, ನಾಲಗೆ ಸುಟ್ಟುಕೊಂಡು, ಪುಸ್ತಕಗಳನ್ನು ಮತ್ತೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು ಬಂದೆ.

ಹನ್ನೊಂದನೇ ದಿನ, ವಿಸರ್ಜನೆಗೆ ಮುಂಚಿನ ಆರತಿಯ ಹೊತ್ತಿಗೆ ಮೈಕ್ ಕೇಳಿದೆ. ಕಮಿಟಿಯವರು ನನ್ನ ಕೈಗೆ ಮೈಕ್ ಕೊಡುವ ಮೊದಲು ಪರಸ್ಪರ ಮುಖ ನೋಡಿಕೊಂಡರು.

"ನಾನು ಒಂದೇ ಪ್ರಶ್ನೆಗೆ ಎರಡು ಉತ್ತರ ಕೊಟ್ಟೆ," ಎಂದೆ. "ತಪ್ಪು ಉತ್ತರದ್ದಲ್ಲ, ನನ್ನ ಪ್ರಶ್ನೆಯದ್ದು. ಆ ರಾಜರ ಕಾಲದಲ್ಲಿ ಈ ಎರಡು ರಾಜ್ಯಗಳೇ ಇರಲಿಲ್ಲ. ಗುಡಿಯ ನೆರಳಲ್ಲಿ ಬೆಳೆದವರು ಅವರನ್ನು ನಮ್ಮವರು ಎಂದರೆ ಅದು ತಪ್ಪಲ್ಲ. ಮಳಖೇಡದ ನಮ್ಮ ವಾಚ್‌ಮನ್ ಅಂದರೂ ತಪ್ಪಲ್ಲ. ತಪ್ಪು ಮಾಡಿದ್ದು ನಾನು, ಅದನ್ನು ಮುಚ್ಚಲು ಕಾಕಾನ ಮೇಲೆ ಜೋಕ್ ಹೊಡೆದವನೂ ನಾನು. ಕಾಕಾ, ಮಾಫ್ ಕರಾ."

ಯಾರೂ ನಗಲಿಲ್ಲ. ನನ್ನ ಜೀವನದಲ್ಲಿ ಮೈಕ್ ಹಿಡಿದು ಯಾರನ್ನೂ ನಗಿಸದ ಮೊದಲ ಸಲ ಅದು. ಹಿಂದಿನ ಸಾಲಿನಿಂದ ಕಾಕಾನ ದನಿ ಬಂತು:

"ಒಪ್ಪಿಕೊಂಡದ್ದಕ್ಕೆ ಹತ್ತು ಅಂಕ. ತಡ ಮಾಡಿದ್ದಕ್ಕೆ ಒಂಬತ್ತು ಕಟ್!"

ಆಗ ಎಲ್ಲರೂ ನಕ್ಕರು. ಕುಕ್ಕರಿನ ಗತಿ ಏನೆಂದು ಯಾರೋ ಎ ವಿಂಗಿನವರು ಕೂಗಿದರು. ಅಮ್ಮ ಅದರಲ್ಲಿ ಆಗಲೇ ನಾಲ್ಕು ದಿನ ಬೇಳೆ ಬೇಯಿಸಿದ್ದಳು. "ತೊಳೆದು ಕೊಡ್ತೇನೆ, ಆದ್ರೆ ಕೊಡುವುದಿಲ್ಲ," ಎಂದಳು. ಅದರ ಅರ್ಥ ಇವತ್ತಿಗೂ ಯಾರಿಗೂ ಆಗಿಲ್ಲ.

ಮರುದಿನ ಬೆಳಗ್ಗೆ ಅಪ್ಪ ನೀರುದೋಸೆ ಕಟ್ಟಿಸಿಕೊಂಡು ಹೊರಟರು. ಸಂಜೆ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿ ಬಂದರು. ಅಮ್ಮ ಎಣ್ಣೆಯ ಬಾಟಲಿಯನ್ನು ಕಪಾಟಿನೊಳಗೆ ಇಟ್ಟಳು.

ಆ ಭಾನುವಾರ ಕಾಕಾ ಮೆಟ್ಟಿಲ ಮೇಲೆ ಸಿಕ್ಕರು. ಸೀಟು ಮತ್ತೆ ಹಿಡಿಯಲು ಶುರು ಮಾಡಿದ್ದಕ್ಕೆ ಥ್ಯಾಂಕ್ಸ್ ಎಂದೆ. ಅವರು ತರಕಾರಿ ಚೀಲವನ್ನು ಕೆಳಗಿಟ್ಟು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಶುರು ಮಾಡಲು ನಾನು ಬಿಟ್ಟದ್ದು ಯಾವಾಗ? ಸಿಟ್ಟಿನಲ್ಲಿ ಒಂದು ಮಾತು ಅಂದೆ, ಅಷ್ಟೇ. ಮರುದಿನ ಬೆಳಗ್ಗೆ ಕೈ ತಾನಾಗಿಯೇ ಬ್ಯಾಗನ್ನು ಪಕ್ಕದ ಸೀಟಿನ ಮೇಲೆ ಇಟ್ಟಿತು. ಕಾಂದಿವಲಿ ಬಂದಾಗ ನೋಡಿದರೆ ನಿನ್ನ ಅಪ್ಪ ಪ್ಲಾಟ್‌ಫಾರ್ಮಿನಲ್ಲಿ ನಾನಿದ್ದ ಬೋಗಿ ಬಿಟ್ಟು, ಕುಂಟುತ್ತಾ ಮುಂದಿನ ಬೋಗಿಗೆ ಹೋಗಿ ಹತ್ತಿದ. ನಾಚಿಕೆ ಅವನಿಗೆ. ಮರುದಿನವೂ ಹಾಗೇ. ನಿಂತವರೆಲ್ಲ ನನ್ನ ಮೇಲೆ ಕೂಗಾಡಿದರು, ಈ ಜಾಗ ಯಾರಿಗೆ ಇಟ್ಟಿದ್ದೀರಿ, ಬ್ಯಾಗಿಗೆ ಟಿಕೆಟ್ ತೆಗೆದಿದ್ದೀರಾ ಅಂತ. ಏನು ಹೇಳಲಿ? 'ಬರ್ತಾನೆ, ಬರ್ತಾನೆ' ಅಂತ ದಾದರ್‌ವರೆಗೂ ಹೇಳಿದೆ. ಪ್ರತಿದಿನ ಹೇಳಿದೆ."